ನೀವು ಕೇಳಿದಿರಿ: ಸ್ಟಿಯರಿಂಗ್‌ನಿಂದ ಮೈಕಿಗೆ

ಅಮೆರಿಕದ ಸ್ಟಾಕ್ ಕಾರ್ ರೇಸ್ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಚಾಲಕರಾಗಿ ಗೆದ್ದು ಆಮೇಲೆ ಟಿವಿಯಲ್ಲಿ ವೀಕ್ಷಕ ವಿವರಣೆಗೆ ಕೂತ ಡ್ಯಾರೆಲ್ ವಾಲ್ಟ್ರಿಪ್ ಸುತ್ತಲೇ ಇದ್ದವು. ಈ ಸಲದ ಅಂಕಣ ಬಹುಪಾಲು ಅವರದೇ.

ಪ್ರಶ್ನೆ: ಸ್ಟಾಕ್ ಕಾರ್ ಅಂದರೆ ಶೋರೂಮಿನಿಂದ ತಂದ ಕಾರೇ? ಅದನ್ನು ಓಡಿಸಿದ ವಾಲ್ಟ್ರಿಪ್ ಎಷ್ಟು ದೊಡ್ಡ ಚಾಲಕ? (ಹಾಸನದ ಓದುಗರು)

1949ರಲ್ಲಿ ಅಮೆರಿಕದ ಸ್ಟಾಕ್ ಕಾರ್ ರೇಸ್ ಸಂಸ್ಥೆ ನಾಸ್ಕಾರ್ ತನ್ನ ಮುಖ್ಯ ಸರಣಿ ಶುರು ಮಾಡಿದಾಗ ನಿಜಕ್ಕೂ ಶೋರೂಮಿನ ಕಾರುಗಳೇ ಓಡಿದವು. ವಾಲ್ಟ್ರಿಪ್ ಕಾಲಕ್ಕೆ ಹೊರಗಿನ ಆಕಾರ ಮಾತ್ರ ಮಾರುಕಟ್ಟೆಯ ಕಾರಿನದು. ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಸುಮಾರು 5.8 ಲೀಟರಿನ ವಿ-8 ಎಂಜಿನ್.

ವಾಲ್ಟ್ರಿಪ್ ಹುಟ್ಟಿದ್ದು 1947ರಲ್ಲಿ, ಕೆಂಟಕಿಯ ಓವೆನ್ಸ್‌ಬರೋದಲ್ಲಿ. ಗೋ-ಕಾರ್ಟ್‌ನಿಂದ ಆರಂಭಿಸಿ ನ್ಯಾಶ್‌ವಿಲ್‌ನ ಟ್ರ್ಯಾಕಿನಲ್ಲಿ ಪಳಗಿದರು. 1972ರಲ್ಲಿ ಮುಖ್ಯ ಸರಣಿಗೆ ಬಂದು, 1975ರಲ್ಲಿ ಅದೇ ನ್ಯಾಶ್‌ವಿಲ್‌ನಲ್ಲಿ ಮೊದಲ ಗೆಲುವು ಕಂಡರು. ಒಟ್ಟು 84 ಗೆಲುವು. ಜೂನಿಯರ್ ಜಾನ್ಸನ್ ತಂಡದಲ್ಲಿ 1981, 1982 ಮತ್ತು 1985ರ ಚಾಂಪಿಯನ್ ಪಟ್ಟ. ಬ್ರಿಸ್ಟಲ್‌ನ ಅರ್ಧ ಮೈಲಿಯ ಟ್ರ್ಯಾಕಿನಲ್ಲಿ ಸತತ ಏಳು ರೇಸ್ ಗೆದ್ದವರು.

ಮಾತೂ ಅಷ್ಟೇ ಧಾರಾಳ. ಎದುರಾಳಿ ಕೇಲ್ ಯಾರ್‌ಬರೋ ಇವರಿಗೆ ‘ಜಾಸ್’, ಅಂದರೆ ದವಡೆ, ಎಂದು ಹೆಸರಿಟ್ಟಿದ್ದರು. ಗ್ಯಾಲರಿಯಲ್ಲಿ ಕೂತವರು ವರ್ಷಗಟ್ಟಲೆ ಇವರನ್ನು ಕಂಡರೆ ‘ಬೂ’ ಅನ್ನುತ್ತಿದ್ದರು. ಗಾಳಿ ತಿರುಗಿದ್ದು 1989ರ ಮೇನಲ್ಲಿ. ಷಾರ್ಲಟ್‌ನ ಆಲ್‌ಸ್ಟಾರ್ ರೇಸಿನ ಕೊನೆಯಲ್ಲಿ ಮುಂದಿದ್ದ ವಾಲ್ಟ್ರಿಪ್ ಕಾರಿಗೆ ರಸ್ಟಿ ವ್ಯಾಲೇಸ್ ತಾಗಿಸಿ ಗಿರಕಿ ಹೊಡೆಸಿದರು. ವ್ಯಾಲೇಸ್‌ಗೆ 2 ಲಕ್ಷ ಡಾಲರ್ ಬಹುಮಾನ ಬಂತು, ವಾಲ್ಟ್ರಿಪ್‌ಗೆ ಅನುಕಂಪ ಬಂತು. ಆ ವರ್ಷವೂ ಮರುವರ್ಷವೂ ಅಭಿಮಾನಿಗಳ ಮತದಲ್ಲಿ ಅತ್ಯಂತ ಜನಪ್ರಿಯ ಚಾಲಕ ಅವರೇ. ಇದು ನಡೆಯದಿದ್ದರೆ ಮುಂದೆ ಅವರನ್ನು ಟಿವಿ ಮೂಲಕ ಪ್ರತಿ ಭಾನುವಾರ ಮನೆಯೊಳಗೆ ಬಿಟ್ಟುಕೊಳ್ಳಲು ಜನ ಒಪ್ಪುತ್ತಿದ್ದರೇ ಅನ್ನುವುದು ಅನುಮಾನ.

ಪ್ರಶ್ನೆ: 1989ರ ಡೇಟೋನಾ 500 ಅವರು ಗೆದ್ದಿದ್ದು ಪೆಟ್ರೋಲ್ ಉಳಿಸಿ ಎಂದು ಓದಿದೆ. ರೇಸಿನಲ್ಲಿ ಪೆಟ್ರೋಲ್ ಉಳಿಸುವುದು ಹೇಗೆ? (ದಾವಣಗೆರೆಯ ಓದುಗರು)

ಲೆಕ್ಕ ನೋಡಿ. ಫ್ಲಾರಿಡಾದ ಡೇಟೋನಾ ಟ್ರ್ಯಾಕಿನ ಒಂದು ಸುತ್ತು 2.5 ಮೈಲಿ, ರೇಸ್ 200 ಸುತ್ತು, ಅಂದರೆ 500 ಮೈಲಿ. ವಾಲ್ಟ್ರಿಪ್ ಕೊನೆಯ 53 ಸುತ್ತುಗಳನ್ನು ಒಂದೇ ಟ್ಯಾಂಕಿನಲ್ಲಿ ಮುಗಿಸಿದರು, ಅಂದರೆ ಸುಮಾರು 213 ಕಿಲೋಮೀಟರ್. ಟ್ಯಾಂಕಿನ ಅಳತೆ 22 ಗ್ಯಾಲನ್, ಸುಮಾರು 83 ಲೀಟರ್. ಲೀಟರಿಗೆ ಎರಡೂವರೆ ಕಿಲೋಮೀಟರ್ ಚಿಲ್ಲರೆ! ನಮ್ಮ ಲಾರಿ ಚಾಲಕರು ನಗಬಹುದು. ಆದರೆ ಆ ವೇಗದಲ್ಲಿ ಇದು ಜಿಪುಣತನದ ಪರಮಾವಧಿ.

ಉಪಾಯ ಎರಡು. ಮೊದಲನೆಯದು, ಬೇರೆ ಕಾರಿನ ಬೆನ್ನಿಗೆ ಅಂಟಿಕೊಂಡು ಓಡುವುದು. ಗಾಳಿಯನ್ನು ಸೀಳುವ ಕೆಲಸ ಮುಂದಿನವನದು. ಹಿಂದಿನವನು ಅದೇ ವೇಗವನ್ನು ಕಡಿಮೆ ಆಕ್ಸಿಲರೇಟರಿನಲ್ಲಿ ಕಾಯ್ದುಕೊಳ್ಳುತ್ತಾನೆ. ಎರಡನೆಯದು, ತಿರುವಿಗೆ ಸ್ವಲ್ಪ ಮೊದಲೇ ಕಾಲು ಸಡಿಲಿಸಿ ಕಾರು ತಾನಾಗಿ ಉರುಳಲು ಬಿಡುವುದು.

ಅಪಾಯ ಕೊನೆಯ ನಾಲ್ಕೈದು ಲೀಟರಿನಲ್ಲಿದೆ. ಎಡಕ್ಕೇ ತಿರುಗುವ ಓಟವಾದ್ದರಿಂದ ಪೆಟ್ರೋಲ್ ಟ್ಯಾಂಕಿನ ಬಲಮೂಲೆಗೆ ನುಗ್ಗುತ್ತದೆ, ಹೀರುವ ಕೊಳವೆಯೂ ಅಲ್ಲೇ. ನೇರ ಹಾದಿಗೆ ಬಂದೊಡನೆ ಉಳಿದದ್ದು ಹರಡಿಕೊಂಡು ಕೊಳವೆ ಗಾಳಿ ಹೀರುತ್ತದೆ, ಇಂಧನ ಒತ್ತಡದ ಮುಳ್ಳು ನಡುಗುತ್ತದೆ. ಆಗ ಚಾಲಕ ಕಾರನ್ನು ಎಡಬಲ ಓಲಾಡಿಸಿ ಉಳಿದ ಹನಿಗಳನ್ನು ಮೂಲೆಗೆ ತಳ್ಳುತ್ತಾನೆ.

ಆ ದಿನ ವೇಗದ ಕಾರು ವಾಲ್ಟ್ರಿಪ್‌ದಲ್ಲ, ಅದೇ ತಂಡದ ಕೆನ್ ಶ್ರೇಡರ್‌ದು. ಶ್ರೇಡರ್ ಪೆಟ್ರೋಲಿಗೆ ಒಳಬರಬೇಕಾಯಿತು, ಎರಡನೆಯವರಾದರು. ವಾಲ್ಟ್ರಿಪ್‌ಗೆ ಅದು 17ನೇ ಪ್ರಯತ್ನ, ಕಾರಿನ ಸಂಖ್ಯೆಯೂ 17. ಜ್ಯೋತಿಷಿಗಳು ಗಮನಿಸಬಹುದು.

ಪ್ರಶ್ನೆ: ಕಾಮೆಂಟರಿಯಲ್ಲಿ ‘ಟೈಟ್’, ‘ಲೂಸ್’ ಎಂದು ಪದೇ ಪದೇ ಕೇಳುತ್ತದೆ. ಏನದು? ಚಾಲಕನಾಗಿದ್ದವನಿಗೆ ಮಾತ್ರ ಅದು ಕಾಣುತ್ತದೆಯೇ? (ಹುಬ್ಬಳ್ಳಿಯ ಗ್ಯಾರೇಜ್ ಮಾಲೀಕರು)

ಸ್ಟಿಯರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಹೊರಗೋಡೆಯತ್ತ ಹೋದರೆ ಟೈಟ್. ಹಿಂಭಾಗ ಹೊರಕ್ಕೆ ಜಾರಿದರೆ ಲೂಸ್. ರೇಸಿನ ನಡುವೆ ಕಾರು ಪೆಟ್ರೋಲಿಗೂ ಟೈರಿಗೂ ನಿಲ್ಲುವ ಜಾಗವಾದ ಪಿಟ್‌ನಲ್ಲಿ ಇದನ್ನು ಸರಿಪಡಿಸುವ ದಾರಿ ಮೂರು. ಹಿಂದಿನ ಗಾಜಿನ ತೂತಿನಲ್ಲಿ ಉದ್ದನೆಯ ಸ್ಪ್ಯಾನರ್ ಇಳಿಸಿ ಸ್ಪ್ರಿಂಗ್ ಮೇಲಿನ ಬೋಲ್ಟ್ ತಿರುಗಿಸುತ್ತಾರೆ, ಇದು ‘ವೆಜ್’. ಎಡ ಹಿಂಚಕ್ರ ಮತ್ತು ಬಲ ಮುಂಚಕ್ರದ ಮೇಲಿನ ಭಾರ ಹೆಚ್ಚಿದರೆ ಕಾರು ಟೈಟ್ ಕಡೆಗೆ ವಾಲುತ್ತದೆ, ಇಳಿದರೆ ಲೂಸ್ ಕಡೆಗೆ. ಹಿಂದಿನ ಆಕ್ಸಲ್ ಅಡ್ಡಡ್ಡ ಸರಿಯದಂತೆ ಹಿಡಿದಿಡುವ ಸರಳು ‘ಟ್ರ್ಯಾಕ್ ಬಾರ್’. ಅದನ್ನು ಮೇಲೆತ್ತಿದರೆ ಲೂಸ್. ಮೂರನೆಯದು ಟೈರಿನ ಗಾಳಿ, ಅದು ನಿಮಗೆ ಹೇಳಬೇಕಿಲ್ಲ.

ಟಿವಿಯಲ್ಲಿ ಕಂಡುಹಿಡಿಯಲು ಕಾರಿನೊಳಗಿನ ಕ್ಯಾಮೆರಾದಲ್ಲಿ ಕೈ ನೋಡಿ. ಗರಗಸ ಎಳೆದಂತೆ ಚಕ್ಕಚಕ್ಕನೆ ಸರಿಪಡಿಸುತ್ತಿದ್ದರೆ ಲೂಸ್. ಸ್ಟಿಯರಿಂಗ್ ಪೂರ್ತಿ ಎಡಕ್ಕೆ ಹಿಡಿದು ಕಾಯುತ್ತಿದ್ದರೆ ಟೈಟ್.

ಹಳೆಯ ಚಾಲಕನ ಕಣ್ಣು ಕೆಲಸಕ್ಕೆ ಬರುವುದು ಇವೆರಡೂ ಬೆರೆತಾಗ. ತಿರುವಿನ ನಡುವೆ ಕಾರು ಟೈಟ್. ಚಾಲಕ ಇನ್ನಷ್ಟು ತಿರುಗಿಸುತ್ತಾನೆ. ಮುಂಚಕ್ರಕ್ಕೆ ಒಮ್ಮೆಲೇ ಹಿಡಿತ ಸಿಕ್ಕಿದ ಕ್ಷಣ ಹಿಂಭಾಗ ಕಿತ್ತು ಬರುತ್ತದೆ. ನೋಡುವವರಿಗೆ ಲೂಸ್ ಆಗಿ ಗಿರಕಿ ಹೊಡೆದಂತೆ ಕಾಣುತ್ತದೆ, ರೋಗ ಮಾತ್ರ ಟೈಟ್. ಲೂಸ್ ಎಂದು ನಂಬಿ ಮದ್ದು ಮಾಡಿದರೆ ಕಾರು ಇನ್ನೂ ಕೆಡುತ್ತದೆ.

ಪ್ರಶ್ನೆ: 2001ರಲ್ಲಿ ಸ್ವಂತ ತಮ್ಮ ಓಡುತ್ತಿದ್ದ ರೇಸಿಗೆ ಅಣ್ಣನೇ ವೀಕ್ಷಕ ವಿವರಣೆ ಕೊಟ್ಟದ್ದು ಸರಿಯೇ? (ಶಿವಮೊಗ್ಗದ ಓದುಗರು)

ವಾಲ್ಟ್ರಿಪ್ 2000ದ ಕೊನೆಗೆ ನಿವೃತ್ತರಾಗಿ ಮರುವರ್ಷ ಫಾಕ್ಸ್ ವಾಹಿನಿ ಸೇರಿದರು. ಸುತ್ತು ಸುತ್ತಿನ ವಿವರ ಮೈಕ್ ಜಾಯ್‌ದು, ಚಾಲಕನ ಲೆಕ್ಕಾಚಾರ ವಾಲ್ಟ್ರಿಪ್‌ದು, ಪಿಟ್ ಲೆಕ್ಕಾಚಾರ ಲ್ಯಾರಿ ಮೆಕ್‌ರೆನಾಲ್ಡ್ಸ್‌ದು. ಫೆಬ್ರವರಿ 18ರ ಡೇಟೋನಾ 500 ಈ ಮೂವರ ಮೊದಲ ದೊಡ್ಡ ಪರೀಕ್ಷೆ. 462 ರೇಸುಗಳಲ್ಲಿ ಒಮ್ಮೆಯೂ ಗೆಲ್ಲದ ತಮ್ಮ ಮೈಕಲ್ ಕೊನೆಯ ಸುತ್ತಿನಲ್ಲಿ ಮುಂದಿದ್ದ. ಅಣ್ಣ ವಿವರಣೆ ಬಿಟ್ಟು, ಕೆಳಗಡೆಯೇ ಇರು, ಕನ್ನಡಿ ನೋಡು ಎಂದು ತಮ್ಮನಿಗೆ ಹೇಳಿಕೊಡಲು ಶುರುಮಾಡಿದರು. ಮೈಕಲ್ ಗೆದ್ದ. ಅದೇ ಸುತ್ತಿನ ನಾಲ್ಕನೇ ತಿರುವಿನಲ್ಲಿ, ಮೈಕಲ್ ಓಡಿಸಿದ ಕಾರಿನ ಮಾಲೀಕ, ತಾವೂ ಅದೇ ರೇಸಿನಲ್ಲಿ ಓಡುತ್ತಿದ್ದ ಡೇಲ್ ಅರ್ನ್‌ಹಾರ್ಟ್ ಅವರ ಕಾರು ಗೋಡೆಗೆ ಬಡಿದಿತ್ತು. ಸಂಭ್ರಮದ ನಡುವೆಯೇ ವಾಲ್ಟ್ರಿಪ್ ದನಿ ಬದಲಾಯಿತು, ಡೇಲ್ ಹೇಗಿದ್ದಾನೆ ಎಂದು ಆತಂಕಪಟ್ಟರು. ಅರ್ನ್‌ಹಾರ್ಟ್ ಬದುಕಲಿಲ್ಲ. ಸಾವಿಗೆ ಕಾರಣ ತಲೆಬುರುಡೆಯ ಬುಡದ ಮುರಿತ. ತಲೆ ಮುಂದಕ್ಕೆ ಚಿಮ್ಮದಂತೆ ತಡೆಯುವ ಕತ್ತಿನ ಪಟ್ಟಿಯನ್ನು ನಾಸ್ಕಾರ್ ಕಡ್ಡಾಯ ಮಾಡಿದ್ದು ಅದೇ ಅಕ್ಟೋಬರಿನಲ್ಲಿ.

ಪಕ್ಷಪಾತ ಇತ್ತೇ? ಖಂಡಿತ ಇತ್ತು. ಆದರೆ ಮುಚ್ಚಿಟ್ಟ ಪಕ್ಷಪಾತವಲ್ಲ. ಹಿಂದೆ 1993ರಲ್ಲಿ ಇದೇ ಟ್ರ್ಯಾಕಿನಲ್ಲಿ ಸಿಬಿಎಸ್ ವಾಹಿನಿಯ ಪರವಾಗಿ ಮೈಕ್ ಮುಂದೆ ಕೂತಿದ್ದ ನೆಡ್ ಜ್ಯಾರೆಟ್, ಇದೇ ಅರ್ನ್‌ಹಾರ್ಟ್‌ರನ್ನು ಹಿಂದಿಕ್ಕುತ್ತಿದ್ದ ಮಗ ಡೇಲ್ ಜ್ಯಾರೆಟ್‌ನನ್ನು ದಾರಿಯುದ್ದಕ್ಕೂ ಹುರಿದುಂಬಿಸಿದ್ದರು. ಅಪ್ಪನಾಗಿಯೇ ಮಾತಾಡು ಎಂದದ್ದು ನಿರ್ಮಾಪಕರೇ. ನೆಡ್ ಆಮೇಲೆ ಅರ್ನ್‌ಹಾರ್ಟ್ ಬಳಿ ಕ್ಷಮೆ ಕೇಳಿದರು. ನಾನೂ ಅಪ್ಪನೇ ಎಂದು ಅವರು ನಕ್ಕುಬಿಟ್ಟರು. 1961 ಮತ್ತು 1965ರ ಚಾಂಪಿಯನ್ ಆದ ಈ ನೆಡ್ ಸ್ವಭಾವತಃ ಸಂಕೋಚದವರು, ಭಾಷಣ ಕಲಿಸುವ ಕೋರ್ಸಿಗೆ ಸೇರಿ ಮಾತು ಕಲಿತವರು. ನಮ್ಮ ಮಟ್ಟಿಗೆ ಮೈಕ್ ಹಿಡಿದ ಚಾಲಕರಲ್ಲಿ ಅವರೇ ಹೆಚ್ಚು ಹದವಾಗಿ ಮಾತಾಡಿದವರು.

ಪ್ರಶ್ನೆ: ಕೊನೆಕೊನೆಗೆ ವಾಲ್ಟ್ರಿಪ್ ಮಾತು ಹಳಸಿತು ಅನ್ನುತ್ತಾರೆ. ಯಾಕೆ? (ಮಂಗಳೂರಿನ ಓದುಗರು)

ರೇಸ್ ಶುರುವಿನ ಹಸಿರು ಬಾವುಟ ಬಿದ್ದಾಗ ಅವರು ಕೂಗುತ್ತಿದ್ದ ‘ಬೂಗಿಟಿ, ಬೂಗಿಟಿ, ಬೂಗಿಟಿ’ ಕೆಲವರಿಗೆ ಹಬ್ಬ, ಕೆಲವರಿಗೆ ತಲೆನೋವು. ಅದಕ್ಕಿಂತ ದೊಡ್ಡ ಕಾರಣ, ಕಾರು ಬದಲಾಯಿತು. ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು, ಕಾರಿನ ಆಕಾರವೂ ರೇಸಿನ ನಿಯಮಗಳೂ ಹೊಸದಾದವು. 2000ದ ನೆನಪಿನಿಂದ 2018ರ ಕಾರನ್ನು ವಿವರಿಸಿದರೆ ಸಾಲದು. 2016ರಲ್ಲಿ ಆಗಷ್ಟೇ ನಿವೃತ್ತರಾದ ಚಾಲಕ ಜೆಫ್ ಗಾರ್ಡನ್ ವಿವರಣೆಗೆ ಪಕ್ಕಕ್ಕೆ ಬಂದ ಮೇಲೆ ವ್ಯತ್ಯಾಸ ಎದ್ದು ಕಂಡಿತು. 2019ರ ಜೂನ್‌ನಲ್ಲಿ ಸೊನೋಮಾ ರೇಸಿನೊಂದಿಗೆ ವಾಲ್ಟ್ರಿಪ್ ಮೈಕ್ ಕೆಳಗಿಟ್ಟರು.

ಒಂದು ಮಾತು ಅವರ ಪರವಾಗಿ. 1992ರ ನಂತರ ಎಂಟು ವರ್ಷ ಅವರು ಒಂದೂ ರೇಸ್ ಗೆಲ್ಲಲಿಲ್ಲ. ಸ್ವಂತ ತಂಡ ನಡೆಸಿ, ಮಾರಿ, ಅರ್ಹತಾ ಸುತ್ತಿನ ವೇಗ ಸಾಲದಿದ್ದರೂ ಹಳೆಯ ಚಾಂಪಿಯನ್ನರಿಗೆ ಜಾಗ ಕೊಡುತ್ತಿದ್ದ ರಿಯಾಯಿತಿಯಲ್ಲಿ ಎಷ್ಟೋ ಸಲ ಹಿಂದಿನ ಸಾಲಿನಿಂದ ಹೊರಟರು. ಮೂವತ್ತನೇ ಸ್ಥಾನದವನು ಏನು ಅನುಭವಿಸುತ್ತಾನೆ ಎಂದು ಅವರು ಹೇಳುವಾಗ ಅದು ಊಹೆಯಾಗಿರಲಿಲ್ಲ.

ಪ್ರಶ್ನೆ: ನಮ್ಮವರು ಯಾರಾದರೂ ಈ ಹಾದಿಯಲ್ಲಿದ್ದಾರೆಯೇ? ನನಗೂ ಆಸೆಯಿದೆ. (ಮೈಸೂರಿನ ವಿದ್ಯಾರ್ಥಿ)

ನಾಸ್ಕಾರ್‌ನ ಪಿಕಪ್ ಟ್ರಕ್ ಸರಣಿಯಲ್ಲಿ 2010ರಲ್ಲಿ ನರೇನ್ ಕಾರ್ತಿಕೇಯನ್ ಓಡಿದ್ದಾರೆ. ಮೈಕ್ ಹಿಡಿದವರು ಚೆನ್ನೈನ ಕರುಣ್ ಚಾಂದೋಕ್, ಫಾರ್ಮುಲಾ ಒನ್ ಓಡಿಸಿ ಈಗ ಸ್ಕೈ ವಾಹಿನಿಯಲ್ಲಿ ವಿಶ್ಲೇಷಕರು.

ನೀವು ಚಿಕ್ಕಮಗಳೂರಿನ ರ್‍ಯಾಲಿ ನೋಡಲು ಹೋದಾಗ ಸರ್ವಿಸ್ ಜಾಗದಲ್ಲಿ ಮೆಕ್ಯಾನಿಕ್‌ಗಳು ಏನು ಬಿಚ್ಚುತ್ತಾರೆ ಎಂದು ನಿಂತು ನೋಡಿ. ಮನೆಯಲ್ಲಿ ಒಂದು ರೇಸಿನ ದನಿ ಆರಿಸಿ, ಹತ್ತು ನಿಮಿಷ ನೀವೇ ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಪರದೆಯಲ್ಲಿ ಕಾಣುವುದನ್ನೇ ಹೇಳಿದ ವಾಕ್ಯಗಳನ್ನೆಲ್ಲ ಹೊಡೆದುಹಾಕಿ, ‘ಯಾಕೆಂದರೆ’ ಇರುವವನ್ನು ಮಾತ್ರ ಉಳಿಸಿಕೊಳ್ಳಿ. ಜೊತೆಗೆ ‘ಅದ್ಭುತ’ ಎಷ್ಟು ಸಲ ಬಂತೆಂದು ಎಣಿಸಿ, ಎರಡನೇ ರೆಕಾರ್ಡಿಂಗ್‌ನಲ್ಲಿ ಒಂದಕ್ಕಿಳಿಸಿ.