ಬೋಳು ಬಾಲದ ಕರಿ ಕುದುರೆಯನ್ನು ಯಾಕೆ ಬಿಟ್ಟಿರಿ?

ನಮಸ್ಕಾರ.

ಇರಾನಿನ ಪುರಾಣಗಳ ಒಳಿತು-ಕೆಡುಕಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ.

ಮೊದಲ ಮೂರು ಪುಟ ಬರೀ ಬೆಳಕು, ಕತ್ತಲೆ, ಒಳಿತಿನ ದೇವರು ಅಹುರ ಮಜ್ದಾ, ಕೆಡುಕಿನ ಒಡೆಯ ಅಂಗ್ರ ಮೈನ್ಯು. ಆ ನೆಲದ ಬಿಸಿಲು, ಚಳಿ, ನೀರು ಎಲ್ಲೂ ಇಲ್ಲ. ನಾಲ್ಕನೇ ಪುಟದಲ್ಲಿ ಮಾತ್ರ ಒಂದು ಸಾಲು: 'ತಿಷ್ಟ್ರ್ಯನು ಬರಗಾಲದ ರಾಕ್ಷಸನನ್ನು ಕೊಂದು ಮಳೆ ತಂದನು.' ಅಯ್ಯೋ, ನಿಮ್ಮ ಲೇಖನದ ಜೀವ ಇರುವುದೇ ಅಲ್ಲಿ!

ಜರತುಷ್ಟ್ರ ಧರ್ಮದ ಪವಿತ್ರ ಗ್ರಂಥ ಅವೆಸ್ತಾದ ಎಂಟನೇ ಯಶ್ತ್, ಅಂದರೆ ಎಂಟನೇ ಸ್ತೋತ್ರವನ್ನು ಮತ್ತೆ ತೆಗೆದು ನೋಡಿ. ತಿಷ್ಟ್ರ್ಯ ಅಂದರೆ ನಮ್ಮ ಲುಬ್ಧಕ ನಕ್ಷತ್ರ. ಚಿನ್ನದ ಕಿವಿಯ ಬಿಳಿ ಕುದುರೆಯಾಗಿ ಅವನು ವೊರುಕಶ ಎಂಬ ಪುರಾಣದ ಕಡಲಿಗೆ ಇಳಿಯುತ್ತಾನೆ. ಎದುರಿಗೆ ಬರಗಾಲದ ರಾಕ್ಷಸ ಅಪೋಶ, ಕರಿ ಕುದುರೆಯಾಗಿ. ಕಿವಿ ಬೋಳು, ಬೆನ್ನು ಬೋಳು, ಬಾಲ ಬೋಳು. ಹುಲ್ಲು ಸತ್ತ ನೆಲ ಹಾಗೇ ಅಲ್ವಾ ಕಾಣುವುದು? ಮೂರು ಹಗಲು ಮೂರು ರಾತ್ರಿ ಕಾದಾಡಿ ತಿಷ್ಟ್ರ್ಯ ಸೋಲುತ್ತಾನೆ. ಜನ ನನ್ನ ಹೆಸರು ಹಿಡಿದು ಪೂಜಿಸಲಿಲ್ಲ ಎಂದು ಗೋಳಿಡುತ್ತಾನೆ. ಆಗ ಅಹುರ ಮಜ್ದಾನೇ ಅವನನ್ನು ಪೂಜಿಸಿ, ಹತ್ತು ಕುದುರೆ, ಹತ್ತು ಒಂಟೆ, ಹತ್ತು ಎತ್ತು, ಹತ್ತು ಬೆಟ್ಟ, ಹತ್ತು ಹೊಳೆಗಳ ಬಲ ಕೊಡುತ್ತಾನೆ. ದೇವರೇ ಪೂಜೆಗೆ ನಿಲ್ಲುವ ಈ ಗಳಿಗೆಯನ್ನು ನಿಧಾನವಾಗಿ ಬರೆಯಿರಿ.

ಇನ್ನೊಂದು ಮಾತು. ಮತ್ತೆ ಕಾದಾಡಿ ಗೆದ್ದರೂ ತಿಷ್ಟ್ರ್ಯ ಅಪೋಶನನ್ನು ಕೊಲ್ಲುವುದಿಲ್ಲ, ಕಡಲಿನಿಂದ ಆಚೆಗೆ ಅಟ್ಟುತ್ತಾನೆ ಅಷ್ಟೇ. ಬರ ಸಾಯುವುದಿಲ್ಲ, ಮತ್ತೆ ಬರುತ್ತದೆ ಎಂದು ಒಣನಾಡಿನ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಅದೇ ಸ್ತೋತ್ರದಲ್ಲಿ 'ಕೆಟ್ಟ ವರ್ಷ' ಎಂಬ ಹೆಸರಿನ ಒಬ್ಬ ಮಾಟಗಾತಿಯೂ ಇದ್ದಾಳೆ. ಪರ್ಸೆಪೊಲಿಸ್‌ನ ಶಾಸನದಲ್ಲಿ ಪ್ರಾಚೀನ ಪರ್ಷಿಯಾದ ದೊರೆ ಡೇರಿಯಸ್, ಈ ಮೂರು ಕೇಡುಗಳಿಂದ ನಾಡನ್ನು ಕಾಪಾಡು ಎಂದು ಬೇಡುತ್ತಾನೆ: ಶತ್ರು ಸೈನ್ಯ, ಕೆಟ್ಟ ವರ್ಷ, ಸುಳ್ಳು. ಬರವನ್ನೂ ಸುಳ್ಳನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಸಾಲು ನಿಮ್ಮ ಮೂರು ಪುಟಗಳ ಕೆಲಸ ಮಾಡುತ್ತದೆ.

'ಇರಾನಿನವರಿಗೆ ಪ್ರಕೃತಿಯೆಲ್ಲ ಪವಿತ್ರ' ಎಂದಿದ್ದೀರಿ. ಅದು ತಪ್ಪು. ಅವೆಸ್ತಾದ ಇನ್ನೊಂದು ಭಾಗವಾದ ವೆಂದಿದಾದ್‌ನಲ್ಲಿ ಹತ್ತು ತಿಂಗಳ ಚಳಿಗಾಲ ಅಂಗ್ರ ಮೈನ್ಯುವಿನ ಸೃಷ್ಟಿ. ಹಾವು, ಕಪ್ಪೆ, ಕಾಳು ಹೊರುವ ಇರುವೆ ಕೂಡ ಕೆಡುಕಿನ ಕಡೆಯವು. ನಾಯಿಯೋ ಒಳಿತಿನ ಕಡೆ. ಮಂದೆ ಕಾಯುವವರು, ಬೆಳೆ ಬೆಳೆಯುವವರು ಗೆರೆ ಎಳೆದರೆ ಅದು ಹೀಗೇ ಬೀಳುತ್ತದೆ.

ಇಂದ್ರ-ವೃತ್ರರ ಹೋಲಿಕೆಗೆ ಎರಡು ಪುಟ ಜಾಸ್ತಿಯಾಯಿತು, ಒಂದು ಸಾಲು ಸಾಕು. ಕರಿ ಕುದುರೆಯಿಂದಲೇ ಶುರು ಮಾಡಿ ಮತ್ತೆ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.