ಸಂಪಾದಕರ ಉತ್ತರ: ಹಂಚಿಯನ್ನು ಗುರುತಿಸಿದ ಕೈರುಚಿ

ಪ್ರಿಯ ಟೀಚರ್,

ವಿರಾಜಪೇಟೆ ಕಡೆಯಿಂದ ನೀವು ಬರೆದ ಪತ್ರ ತಲುಪಿತು. ಏಳನೇ ತರಗತಿಗೆ ಸಿಂಡ್ರೆಲಾ ಕಥೆ ಹೇಳಿ, ಮನೆಯಲ್ಲಿ ಕೇಳಿದ ಇಂಥದ್ದೇ ಕಥೆ ಇದ್ದರೆ ಹೇಳಿ ಎಂದಿರಿ. ಮಕ್ಕಳು ಕೊಡವ ತಕ್ಕ್, ಅರೆಭಾಷೆ, ಮಲಯಾಳದಲ್ಲಿ ಶುರುಮಾಡಿದರು. ಪೋಷಕರೊಬ್ಬರು ಬಂದು, "ಅಜ್ಜಿಕಥೆ ಮನೆಯಲ್ಲಿರಲಿ, ಇಲ್ಲಿ ಕನ್ನಡ ಕಲಿಸಿ" ಎಂದರು. ಎಲ್ಲ ದೇಶದ ಕಥೆಗಳೂ ಒಂದೇ ಎಂದು ಹೇಳಿ ಪಾಠ ಮುಗಿಸಿಬಿಡಲೇ ಎಂದು ಕೇಳಿದ್ದೀರಿ.

ದಯವಿಟ್ಟು ಹಾಗೆ ಮುಗಿಸಬೇಡಿ. ಒಂದೇ ಅಂದ ಕೂಡಲೇ ಮಕ್ಕಳು ಕಥೆಯನ್ನು ಗಮನಿಸುವುದನ್ನೇ ಬಿಡುತ್ತಾರೆ.

ಹಂಚಿ ಎಂಬ ಹುಡುಗಿಯ ಕಥೆಯನ್ನೇ ನೋಡಿ. ಎ.ಕೆ. ರಾಮಾನುಜನ್ ಕನ್ನಡನಾಡಿನಲ್ಲಿ ಸಂಗ್ರಹಿಸಿ, ಸಿಂಡ್ರೆಲಾಳ ಪಕ್ಕದಲ್ಲಿಟ್ಟು ಓದಿದ ಕಥೆ ಅದು. ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿ ಮಲತಾಯಿ ಕಾಡುತ್ತಾಳೆ. ಇಲ್ಲಿ ಹೆತ್ತತಾಯಿಯೇ ಮಗಳನ್ನು ಉಳಿಸಲು ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ಕಳಿಸುತ್ತಾಳೆ. ಸಿಂಡ್ರೆಲಾಗೆ ಮದುವೆಯಾದರೆ ಕಥೆ ಮುಗಿಯಿತು, ಹಂಚಿಗೆ ದೊಡ್ಡ ಆಪತ್ತು ಬರುವುದೇ ಮದುವೆಯಾದ ಮೇಲೆ. ಸಿಂಡ್ರೆಲಾಳ ಗುರುತು ಹತ್ತುವುದು ಗಾಜಿನ ಚಪ್ಪಲಿಗೆ ಹೊಂದಿದ ಪಾದದಿಂದ. ಸತ್ತಳೆಂದುಕೊಂಡಿದ್ದ ಹಂಚಿಯ ಗುರುತು ಹತ್ತುವುದು ಅವಳು ಮಾಡಿದ ಸಿಹಿಯನ್ನದ ರುಚಿಯಿಂದ! ಇದರ ಬಗ್ಗೆ ಮಕ್ಕಳನ್ನು ಮಾತಾಡಿಸಿ. ನಿಮ್ಮಜ್ಜಿ ಹೇಳುವ ಕಥೆಯಲ್ಲಾದರೆ ಆ ಹುಡುಗಿಯನ್ನು ಯಾವುದರಿಂದ ಗುರುತು ಹಿಡಿಯುತ್ತಾರೆ ಎಂದು ಕೇಳಿ. ಕಡಂಬುಟ್ಟಿನ, ಅಂದರೆ ಅಕ್ಕಿತರಿಯ ಕಡುಬಿನ, ಹದದಿಂದ ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ.

ಇನ್ನು ಆ ಪೋಷಕರ ಆತಂಕ. ಅದನ್ನು ತಳ್ಳಿಹಾಕಬೇಡಿ. ಮಗು ಮೊದಲು ತನ್ನ ಮನೆಮಾತಿನಲ್ಲೇ ಕಥೆ ಹೇಳಲಿ, ಉಚ್ಚಾರ ಹೇಗಿದೆಯೋ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆಯಲಿ. ನಡಿಕೇರಿಯಂಡ ಚಿಣ್ಣಪ್ಪನವರು ಮಾಡಿದ್ದೂ ಇದನ್ನೇ. ಪೊಲೀಸ್ ಕೆಲಸದಲ್ಲಿದ್ದವರು, ದುಡಿ ಬಾರಿಸುತ್ತ ಹಾಡುವ ಕೊಡವ ಪಾಟ್‌ಗಳನ್ನು ಕೇಳಿ ಕೇಳಿ ಬರೆದು, 1924ರಲ್ಲಿ ಕನ್ನಡ ಲಿಪಿಯಲ್ಲೇ 'ಪಟ್ಟೋಲೆ ಪಳಮೆ'ಯಾಗಿ ಪ್ರಕಟಿಸಿದರು. ಹೀಗೆ ಬರೆದಾದ ಮೇಲೆ ಮಗು ತನ್ನ ಮನೆಮಾತು ಬಾರದ ಗೆಳೆಯನಿಗೆ ಅದೇ ಕಥೆಯನ್ನು ಕನ್ನಡದಲ್ಲಿ ಹೇಳಲಿ. ಐನ್‌ಮನೆ ಎಂದರೇನು, ಕಾರೋಣ ಎಂದರೆ ಯಾರು ಎಂದು ಬಿಡಿಸಿ ಹೇಳಲು ಹೊರಟ ಮಗು ಕನ್ನಡದ ಪದಕ್ಕಾಗಿ ತಡಕಾಡುತ್ತದೆ. ಪ್ರಶ್ನೋತ್ತರ ಉರುಹೊಡೆದರೆ ಅಂಥ ಕನ್ನಡ ಬರುವುದಿಲ್ಲ. ಆ ಪೋಷಕರನ್ನೂ ಅಂದು ಕೂರಿಸಿಕೊಂಡು ಕೇಳಿಸಿ.

ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಬಿಡುತ್ತಿಲ್ಲ. ತೋಟದ ಕೂಲಿಯವರ ಲೈನ್‌ಮನೆಯಿಂದ ಬರುವ ಎರವ ಬುಡಕಟ್ಟಿನ ಹುಡುಗ "ನಮ್ಮಲ್ಲಿ ಕಥೆ ಇಲ್ಲ ಟೀಚರ್" ಎಂದನಂತೆ. ಅವನ ಮಾತಿಗೆ ಯಾರೋ ಹಿಂದೆ ನಕ್ಕಿರಬೇಕು. ಅವನನ್ನು ಎಲ್ಲರೆದುರು ನಿಲ್ಲಿಸಿ ಒತ್ತಾಯಿಸಬೇಡಿ. ಕಾಫಿ ಕೊಯ್ಲು ಮುಗಿಯಲಿ, ಯಾರ ಕೂಲಿಯೂ ತಪ್ಪದ ಒಂದು ದಿನ ಅವನ ಅಜ್ಜಿಯನ್ನೋ ಅಜ್ಜನನ್ನೋ ಶಾಲೆಗೆ ಕರೆಸಿ, ನಿಮ್ಮ ಕುರ್ಚಿಯಲ್ಲೇ ಕೂರಿಸಿ. ಅವರು ಹೇಳಿದ್ದನ್ನು ತರಗತಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ಆ ಹುಡುಗನದ್ದೇ ಆಗಿರಲಿ. ಅವರು ಒಪ್ಪಿದರೆ ಆ ಕಥೆಯನ್ನು ಎರಡೂ ಭಾಷೆಯಲ್ಲಿ ನಮಗೆ ಕಳಿಸಿ. ಹೇಳಿದವರ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ.

– ಸಂ.