‘ಕವಿಗೆ ವ್ಯಾಕರಣದ ಹಂಗಿಲ್ಲ’ ಲೇಖನದ ಬಗ್ಗೆ

ನಮಸ್ಕಾರ. ಅರಬಿ ಕಾವ್ಯದ ‘ದರೂರಾ’, ಅಂದರೆ ಪದ್ಯಕ್ಕಾಗಿ ವ್ಯಾಕರಣವನ್ನು ಬಾಗಿಸುವ ವಿನಾಯಿತಿ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ‘ಛಂದಸ್ಸಿಗಾಗಿ ಅರಬ್ ಕವಿಗಳು ಯಾವ ನಿಯಮವನ್ನಾದರೂ ಮುರಿಯುತ್ತಿದ್ದರು’ ಎಂಬ ಮೊದಲ ವಾಕ್ಯವೇ ತಪ್ಪು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಗದ್ಯಕ್ಕೆ ಸಲ್ಲದ್ದು ಪದ್ಯಕ್ಕೆ ಎಲ್ಲಿ ಸಲ್ಲುತ್ತದೆ ಎಂಬುದಕ್ಕೆ 8ನೇ ಶತಮಾನದಲ್ಲೇ ವೈಯಾಕರಣ ಸೀಬವೈಹಿ ತನ್ನ ವ್ಯಾಕರಣಗ್ರಂಥ ‘ಅಲ್ ಕಿತಾಬ್’ನಲ್ಲಿ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ.

ಇಸ್ಲಾಂಪೂರ್ವ ಕವಿ ಇಮ್ರುಲ್ ಕೈಸ್ ತನ್ನ ನಲ್ಲೆ ಉನೈಝಳ ಮೇನೆ ಹೊಕ್ಕ ದಿನದ ಸಾಲನ್ನು ಆರಿಸಿದ್ದು ಒಳ್ಳೆಯದಾಯಿತು, ಆದರೆ ಬಿಡಿಸಿ ತೋರಿಸಿಲ್ಲ. ಹೆಣ್ಣಿನ ಇಂಥ ಹೆಸರಿಗೆ ಕೊನೆಯಲ್ಲಿ ‘ನ್’ ಸೇರುವಂತಿಲ್ಲ. ಷಷ್ಠಿಯಲ್ಲೂ ‘ಉನೈಝತ’ ಎಂದೇ ಆಗಬೇಕು. ಪ್ರಸ್ತಾರ ಹಾಕಿ ನೋಡಿ: ಲಘು, ಗುರು, ಲಘು, ಲಘು. ತವೀಲ್ ಛಂದಸ್ಸಿನ ಈ ಮೊದಲರ್ಧ ಮುಗಿಯಬೇಕಾದದ್ದು ಲಘು, ಗುರು, ಲಘು, ಗುರುವಿನಲ್ಲಿ. ಹಾಗಾಗಿ ಕವಿ ‘ನ್’ ಸೇರಿಸಿ ‘ಉನೈಝತಿನ್’ ಎಂದ. ಪಾದಾಂತ್ಯದ ಲಘುವನ್ನು ಗುರುವೆಂದು ಎಣಿಸಿಕೊಂಡರಾಯಿತಲ್ಲ ಎಂದು ನಮ್ಮ ಓದುಗರು ಕೇಳುತ್ತಾರೆ. ಇಲ್ಲಿ ಆ ಸೌಲಭ್ಯವಿಲ್ಲ ಎಂದು ಅಲ್ಲೇ ಹೇಳಿಬಿಡಿ.

ಇದಕ್ಕಿಂತ ಮುಖ್ಯವಾದ ಮಾತು ನಿಮ್ಮ ಬರಹದಲ್ಲಿ ಬಂದೇ ಇಲ್ಲ. ನಾಮಪದಕ್ಕೆ ‘ನ್’ ಇರುವುದೇ ಮೂಲಸ್ಥಿತಿ ಎನ್ನುತ್ತಾರೆ ವೈಯಾಕರಣರು. ಕವಿ ಪದವನ್ನು ಅದರ ಮೂಲಕ್ಕೆ ಮರಳಿಸಿದ್ದಾನೆ, ಆದ್ದರಿಂದಲೇ ಇದಕ್ಕೆ ತಕರಾರಿಲ್ಲ. ‘ನ್’ ಇರಬೇಕಾದ ಹೆಸರಿನಿಂದ ಅದನ್ನು ಕಿತ್ತರೆ ಇರಾಕಿನ ಕೂಫಾ ನಗರದ ವ್ಯಾಕರಣ ಪಂಥ ಒಪ್ಪುತ್ತದೆ, ಅದರ ಎದುರಾಳಿ ಬಸ್ರಾ ಪಂಥದ ಬಹುಪಾಲು ಪಂಡಿತರು ಒಪ್ಪುವುದಿಲ್ಲ. ಹಾಗೆಯೇ ಪದದ ಕೊನೆಯ ‘ಆ’ಕಾರದ ಮುಂದಿನ ಹಮ್‌ಝಾ (ಗಂಟಲು ತಡೆದು ನುಡಿಯುವ ಅರಬಿ ವ್ಯಂಜನ) ಬಿಡುವುದು ಸರ್ವಸಮ್ಮತ, ಇಲ್ಲದ ಕಡೆ ಸೇರಿಸುವುದು ವಿವಾದ. ಈ ತರ್ಕವೇ ಲೇಖನದ ಬೆನ್ನೆಲುಬಾಗಲಿ.

ಪ್ರಾಚೀನ ಕವಿ ನಾಬಿಗನ ಪ್ರಸಂಗವನ್ನು ಕೈಬಿಡಿ, ಅದು ದರೂರಾ ಅಲ್ಲ. ಅವನ ಪದ್ಯದಲ್ಲಿ ‘ದಿ’ ಎಂದು ಮುಗಿಯುವ ಪ್ರಾಸದ ನಡುವೆ ಒಂದು ಸಾಲು ‘ದು’ ಆಗುವುದು ‘ಇಕ್ವಾ’ ಎಂಬ ಪ್ರಾಸದೋಷ. ಇಂದಿನ ಮದೀನಾ ಆದ ಯತ್ರಿಬ್‌ನಲ್ಲಿ ಗಾಯಕಿಯೊಬ್ಬಳು ಆ ಸ್ವರವನ್ನು ಎಳೆದು ಹಾಡಿದಾಗಲೇ ಅವನಿಗೆ ತಪ್ಪು ಕೇಳಿಸಿತೆಂದು ಕಥೆಯಿದೆ. ವಿನಾಯಿತಿಯಾಗಿದ್ದರೆ ತಿದ್ದಿಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಕವಿಗೆ ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ದರೂರಾ ಎಂದ ವೈಯಾಕರಣ ಇಬ್ನ್ ಮಾಲಿಕ್, ಕವಿಯದಾದರೂ ತಪ್ಪು ತಪ್ಪೇ ಎಂದು ಪ್ರತ್ಯೇಕ ಕೃತಿಯನ್ನೇ ಬರೆದ ಭಾಷಾಪಂಡಿತ ಇಬ್ನ್ ಫಾರಿಸ್: ಇವರಿಬ್ಬರಿಲ್ಲದೆ ಚರ್ಚೆ ಒಂದೇ ಮಗ್ಗುಲಿನದಾಗುತ್ತದೆ. ತಲಾ ಒಂದು ಪ್ಯಾರಾ ಸಾಕು.

ಉದಾಹರಣೆಗಳನ್ನು ಮೂರಕ್ಕೆ ಇಳಿಸಿ. ಪ್ರತಿಯೊಂದಕ್ಕೂ ಗದ್ಯರೂಪ, ಪದ್ಯರೂಪ, ಎರಡರ ಪ್ರಸ್ತಾರ, ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದನ್ನು ಕೊಡಿ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.